ಕಚೇರಿಗೆ ಬೀಗ ಬಿದ್ದ ಮೇಲೆ

(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿಯೇ ಮೂವತ್ತೈದು ವರ್ಷ ಕಳೆದವನು ನಾನು. ಪಂಪ, ರನ್ನ, ಕುಮಾರವ್ಯಾಸ ಎಂದರೆ ಒಂದು ಗಂಟೆ ಮಾತನಾಡಬಲ್ಲೆ. ಅಂಥವನಿಗೆ ಕಂಪನಿಗಳ ಆಡಳಿತಕ್ಕೆ ಸೇರಿದ ವಿಷಯವೊಂದನ್ನು ಕುರಿತು ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ನೀವು ಕೇಳಿದರೆ ಅದು ನ್ಯಾಯವೇ. ಅಧಿಕಾರ ಬಂದದ್ದು ನಮ್ಮ ಮನೆಯ ಊಟದ ಮೇಜಿನಿಂದ. 2020ರ ಮಾರ್ಚಿನಿಂದ ಸುಮಾರು ಎರಡು ವರ್ಷ ಕಾಲ ಮೈಸೂರಿನ ಸರಸ್ವತಿಪುರದ ನಮ್ಮ ಮನೆಯ ಆ ಮೇಜು ಬೆಂಗಳೂರಿನ ಒಂದು ಕಂಪನಿಯ ಕಚೇರಿಯಾಗಿತ್ತು. ಅದರ ಒಂದು ತುದಿಯಲ್ಲಿ ನಾನು ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆ; ಇನ್ನೊಂದು ತುದಿಯಲ್ಲಿ ನನ್ನ ಸೊಸೆ ಹನ್ನೊಂದು ಸಾವಿರ ಜನರ ಸಂಬಳದ ಲೆಕ್ಕ ಮಾಡುತ್ತಿದ್ದಳು. ಆ ಕೆಲಸ ಒಮ್ಮೆ ನಿಂತುಹೋದದ್ದನ್ನೂ, ನಿಂತ ಕೆಲಸದ ಪೆಟ್ಟು ಎಲ್ಲಿ ಹೋಗಿ ಬಿತ್ತೆಂಬುದನ್ನೂ ಅಲ್ಲಿಯೇ ಕುಳಿತು ಕಂಡೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಬಿಸಿನೆಸ್ ಕಂಟಿನ್ಯುಯಿಟಿ ಪ್ಲಾನಿಂಗ್ ಎಂದು ಹೆಸರು. ಕನ್ನಡದಲ್ಲಿ ಏನೆನ್ನೋಣ? 'ಕಾರ್ಯಸಾತತ್ಯ ಯೋಜನೆ' ಎಂದರೆ ವ್ಯಾಕರಣಕ್ಕೆ ಬಾಧೆಯಿಲ್ಲ. ಆದರೆ ಕೇಳಿದವರು ಅದನ್ನು ಸರ್ಕಾರದ ಯಾವುದೋ ಪಂಚವಾರ್ಷಿಕ ಯೋಜನೆ ಎಂದುಕೊಂಡಾರು. ಅಡಚಣೆ ಒದಗಿದಾಗಲೂ ಅಗತ್ಯವಾದ ಕೆಲಸ ನಿಲ್ಲದಂತೆ ಮೊದಲೇ ಮಾಡಿಕೊಳ್ಳುವ ಏರ್ಪಾಡು, ಅಷ್ಟೆ. 'ಮುನ್ನೇರ್ಪಾಡು' ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಈ ಭಾಷಣದ ಮಟ್ಟಿಗೆ ಅದು ಸಾಕು.

ಈ ಶಾಸ್ತ್ರ ತೀರ ಹಳೆಯದೇನಲ್ಲ. 1970ರ ದಶಕದಲ್ಲಿ ಒಂದೊಂದು ಕಂಪ್ಯೂಟರೂ ಒಂದು ದೊಡ್ಡ ಕೋಣೆಯನ್ನೇ ತುಂಬುತ್ತಿತ್ತು. ಬ್ಯಾಂಕುಗಳ ಲೆಕ್ಕವೆಲ್ಲ ಆ ಕೋಣೆಯೊಳಗೆ. ಕೋಣೆಗೆ ಬೆಂಕಿ ಬಿದ್ದರೆ ಗತಿಯೇನು ಎಂಬ ಭಯದಿಂದ ಅಮೆರಿಕದ ಸಂಸ್ಥೆಗಳು ದೂರದಲ್ಲಿ ಇನ್ನೊಂದು ಕೋಣೆಯನ್ನು ಸಿದ್ಧವಾಗಿಟ್ಟುಕೊಳ್ಳತೊಡಗಿದವು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದಾಗ, ಇನ್ನೊಂದು ಕೋಣೆ ಇದ್ದರೆ ಸಾಲದು, ಅಲ್ಲಿಗೆ ಹೋಗಿ ಕುಳಿತು ಕೆಲಸ ಮಾಡುವ ಜನರ ಏರ್ಪಾಡೂ ಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು. 2012ರಲ್ಲಿ ಇದಕ್ಕೆಂದೇ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡ ಹೊರಬಂದಿತು. 2019ರಲ್ಲಿ ಅದನ್ನು ಪರಿಷ್ಕರಿಸಿದರು. ಅಷ್ಟು ಹೊತ್ತಿಗೆ ನಮ್ಮ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲೆಲ್ಲ ಇಂಥ ಏರ್ಪಾಡಿನ ದಪ್ಪ ಕಡತಗಳು ಇದ್ದವು.

ಆ ಕಡತಗಳಲ್ಲಿ ಹೆಚ್ಚಿನವು ಒಂದೇ ಕಥೆಯನ್ನು ನಂಬಿಕೊಂಡಿದ್ದವು: ಕಟ್ಟಡ ಕೆಡುತ್ತದೆ, ಜನ ಉಳಿಯುತ್ತಾರೆ, ಉಳಿದ ಜನ ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಆದದ್ದು ಇದರ ತಿರುವುಮುರುವು. ಕಟ್ಟಡಗಳಿಗೆ ಏನೂ ಆಗಿರಲಿಲ್ಲ. ದೀಪ ಉರಿಯುತ್ತಿತ್ತು, ಲಿಫ್ಟು ಓಡುತ್ತಿತ್ತು. ಜನ ಒಂದೆಡೆ ಸೇರುವುದೇ ಅಪಾಯವಾಗಿತ್ತು. ಮಾರ್ಚ್ 10ರಂದು ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಅದೆಂದು ಎರಡು ದಿನದ ಬಳಿಕ ಖಚಿತವಾಯಿತು. 22ನೆಯ ತಾರೀಖು ಭಾನುವಾರ ಜನತಾ ಕರ್ಫ್ಯೂ. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳ ಭಾಷಣ. ಮರುದಿನ ಯುಗಾದಿ. ಶಾರ್ವರಿ ಸಂವತ್ಸರದ ಮೊದಲ ದಿನವೇ ಇಡೀ ದೇಶಕ್ಕೆ 21 ದಿನಗಳ ಬೀಗ ಬಿತ್ತು.

ನನ್ನ ಮಗ, ಸೊಸೆ, ಮೂರು ವರ್ಷದ ಮೊಮ್ಮಗಳು ಇದಕ್ಕೆ ನಾಲ್ಕು ದಿನ ಮೊದಲು, ಶನಿವಾರ ಸಂಜೆ, ಬೆಂಗಳೂರಿನಿಂದ ಒಂದು ಟ್ಯಾಕ್ಸಿಯಲ್ಲಿ ಬಂದಿಳಿದರು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಮಗುವಿನ ಪಕ್ಕದಲ್ಲಿ, ದುಪ್ಪಟಿ ಸುತ್ತಿದ ಒಂದು ದೊಡ್ಡ ಗಂಟು. ಬಿಚ್ಚಿ ನೋಡಿದರೆ ಕಚೇರಿಯ ಕಂಪ್ಯೂಟರು. ತೊಡೆಯ ಮೇಲಿಟ್ಟುಕೊಳ್ಳುವ ಲ್ಯಾಪ್‌ಟಾಪ್ ಅಲ್ಲ; ಮೇಜಿನ ಮೇಲಿನ ಡೆಸ್ಕ್‌ಟಾಪ್, ಪರದೆ ಸಮೇತ. ಎಲ್ಲರಿಗೂ ಕೊಡುವಷ್ಟು ಲ್ಯಾಪ್‌ಟಾಪ್‌ಗಳು ಕಂಪನಿಯಲ್ಲಿ ಇರಲಿಲ್ಲ. ಆ ವಾರ ಬೆಂಗಳೂರಿನಲ್ಲಿ ಇಂಥ ಗಂಟುಗಳು ಸಾವಿರಗಟ್ಟಲೆ ಕಾರು, ಆಟೋ, ಟೆಂಪೋಗಳಲ್ಲಿ ಮನೆಗಳಿಗೆ ಪ್ರಯಾಣ ಮಾಡಿದವು.

ಇನ್ನೊಂದು ತೊಡಕೂ ಇತ್ತು; ಅದನ್ನು ನನಗೆ ಆಮೇಲೆ ವಿವರಿಸಿದರು. ಕಾಲ್ ಸೆಂಟರುಗಳಂತೆ ದೂರಸಂಪರ್ಕದ ತಂತಿಯನ್ನು ನೆಚ್ಚಿಕೊಂಡು ಬೇರೆಯವರ ಕೆಲಸ ಮಾಡಿಕೊಡುವ ಸಂಸ್ಥೆಗಳು ನೌಕರರನ್ನು ಮನೆಯಲ್ಲಿ ಕೂರಿಸಿ ಕೆಲಸ ಮಾಡಿಸಬೇಕಾದರೆ ದೂರಸಂಪರ್ಕ ಇಲಾಖೆಯ ಕಟ್ಟಳೆಗಳಿಗೆ ಒಳಪಡಬೇಕಾಗಿತ್ತು. ಭದ್ರತಾ ಠೇವಣಿ ಇಡಬೇಕಾಗಿತ್ತು. 2020ರ ಮಾರ್ಚ್ 13ರಂದು ಇಲಾಖೆ ಈ ಕಟ್ಟಳೆಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಮಾರ್ಗಸೂಚಿ ತಂದು ಬಹುಮಟ್ಟಿಗೆ ಕೈಬಿಟ್ಟಿತು. ಆ ಸಡಿಲಿಕೆ ಸಕಾಲದಲ್ಲಿ ಬಾರದೆ ಹೋಗಿದ್ದರೆ ಯಾವ ಕಂಪನಿಯ ಕಡತವೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಕಾನೂನೇ ಅಡ್ಡಬಂದರೆ ಏನು ಮಾಡಬೇಕೆಂದು ಮುನ್ನೇರ್ಪಾಡು ಮಾಡುವವರು ಯೋಚಿಸುವುದು ಕಡಿಮೆ.

ಈಗ ಸಂಬಳದ ಕಥೆ. ನನ್ನ ಸೊಸೆಯ ಕಂಪನಿ ಬೇರೆ ಬೇರೆ ಕಾರ್ಖಾನೆ, ಗೋದಾಮುಗಳ ನೌಕರರ ಸಂಬಳದ ಲೆಕ್ಕ ಮಾಡಿ, ಬ್ಯಾಂಕಿಗೆ ಕಳಿಸುವ ಪಟ್ಟಿಯನ್ನು ಸಿದ್ಧಪಡಿಸಿಕೊಡುತ್ತದೆ. ಒಬ್ಬರು ಪಟ್ಟಿ ಮಾಡಬೇಕು. ಇನ್ನೊಬ್ಬರು ಅದನ್ನು ಪರಿಶೀಲಿಸಿ ಡಿಜಿಟಲ್ ಸಹಿ ಹಾಕಬೇಕು. ಆ ಸಹಿ ಒಂದು ಹೆಬ್ಬೆರಳಿನಷ್ಟು ಗಾತ್ರದ ಸಾಧನದಲ್ಲಿ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗುಪ್ತಸಂಖ್ಯೆ ಕೊಟ್ಟರೆ ಮಾತ್ರ ಬ್ಯಾಂಕು ಒಪ್ಪುತ್ತದೆ. ಮಾರ್ಚ್ 30, ಸೋಮವಾರ, ಪಟ್ಟಿ ಸಿದ್ಧವಾಯಿತು. ಸಹಿ ಹಾಕಬೇಕಾದ ಅಧಿಕಾರಿ ತಮ್ಮ ಊರಿನಲ್ಲಿ ಜ್ವರದಿಂದ ಮಲಗಿದ್ದರು. ಅವರ ಸಾಧನ ಬೆಂಗಳೂರಿನ ಕಚೇರಿಯ ಮೇಜಿನ ಸೆಳೆಖಾನೆಯಲ್ಲಿ ಇತ್ತು. ಅವರಿಲ್ಲದಾಗ ಸಹಿ ಮಾಡಬಹುದಾದ ಎರಡನೆಯವರ ಹೆಸರು ಕಡತದಲ್ಲಿ ಇದ್ದೇ ಇತ್ತು. ಆದರೆ ಆ ಎರಡನೆಯವರು ಕೆಲಸ ಬಿಟ್ಟು ಆರು ತಿಂಗಳಾಗಿತ್ತು!

ಮರುದಿನ 31. ರಾತ್ರಿ ಒಂಬತ್ತರ ಹೊತ್ತಿಗೆ ಸೊಸೆಯ ಫೋನು ಬಡಿದುಕೊಂಡಿತು. ಸಂಬಳದ ಚೀಟಿಯ ಕೆಳಗೆ ವಿಚಾರಣೆಗೆಂದು ಕೊಟ್ಟಿದ್ದ ಸಂಖ್ಯೆ ಅವಳದಾಗಿತ್ತು. ಯಾವುದೋ ಗೋದಾಮಿನಲ್ಲಿ ಮೂಟೆ ಹೊರುವ ಹುಡುಗ. "ಮೇಡಂ, ಸಂಬಳ ಬಿದ್ದಿಲ್ಲ. ಊರಿಗೆ ಹೋಗೋಣ ಅಂದ್ರೆ ಬಸ್ಸಿಲ್ಲ. ಅಂಗಡಿಯವ್ರು ಹಳೇ ಬಾಕಿ ಕೊಡೋವರೆಗೂ ಅಕ್ಕಿ ಕೊಡಲ್ಲ ಅಂತಾರೆ." ಅವಳು ನಾಳೆ ಬರುತ್ತದೆ ಎಂದಳು. ನಾಳೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಅಂಥ ಕರೆಗಳು ಮುಂದಿನ ಮೂರು ದಿನದಲ್ಲಿ ಎಷ್ಟು ಬಂದವೋ ನಾನು ಲೆಕ್ಕವಿಟ್ಟಿಲ್ಲ. ಕಡೆಗೆ ಯಾರೋ ಪೊಲೀಸರಿಂದ ಪಾಸು ಪಡೆದು ಕಚೇರಿಗೆ ಹೋಗಿ, ಕಾವಲುಗಾರನನ್ನು ಒಪ್ಪಿಸಿ, ಸೆಳೆಖಾನೆಯನ್ನು ತೆರೆಸಿ, ಆ ಸಾಧನವನ್ನು ಅಧಿಕಾರಿಯ ಊರಿಗೆ ಮುಟ್ಟಿಸಿದರು. ಏಪ್ರಿಲ್ 3, ಶುಕ್ರವಾರ ಸಂಬಳವಾಯಿತು. ಕಂಪನಿಯ ವರದಿಯಲ್ಲಿ ಇದನ್ನು 'ಮೂರು ದಿನಗಳ ವಿಳಂಬ' ಎಂದು ನಮೂದಿಸಿದರಂತೆ.

ಆ ಮೂರು ದಿನಗಳಲ್ಲಿ ಒಂದು ಸಲಹೆ ಮೇಲಿಂದ ಮೇಲೆ ಕೇಳಿಬಂತು. "ಸಾಧನ ತಂದವರೇ ಅಲ್ಲೇ ಕೂತು ಸಹಿ ಹಾಕಲಿ, ಗುಪ್ತಸಂಖ್ಯೆಯನ್ನು ಫೋನಿನಲ್ಲಿ ಹೇಳಿಬಿಡಿ" ಎಂದು. ಅಧಿಕಾರಿ ಜ್ವರದಲ್ಲೂ ಒಪ್ಪಲಿಲ್ಲ. ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರದೇ ಸರಿ ಎನ್ನಿಸುತ್ತದೆ. ಹನ್ನೊಂದು ಸಾವಿರ ಜನರ ಹಣಕ್ಕೆ ಹಾಕಿದ ಬೀಗ, ತುರ್ತು ಎಂದೊಡನೆ ತೆರೆದುಕೊಳ್ಳುವುದಾದರೆ, ಕಳ್ಳನಾದವನು ಮೊದಲು ಕಲಿಯುವ ಮಾತು 'ತುರ್ತು' ಎಂಬುದೇ. ಕಷ್ಟ ಬಂದಾಗ ಯಾರ ಬೀಗವನ್ನು ಯಾರು ತೆಗೆಯಬಹುದೆಂಬುದನ್ನು ಕಷ್ಟ ಬರುವ ಮೊದಲೇ ಬರೆದಿಡಬೇಕು. ಎರಡನೆಯವರ ಹೆಸರು ಸರಿಯಾಗಿದ್ದಿದ್ದರೆ ಯಾರೂ ಯಾವ ನಿಯಮವನ್ನೂ ಮುರಿಯಬೇಕಾಗಿರಲಿಲ್ಲ.

ಈ ಶಾಸ್ತ್ರದವರು ಪ್ರತಿಯೊಂದು ಕೆಲಸವನ್ನು ಕುರಿತೂ ಎರಡು ಪ್ರಶ್ನೆ ಕೇಳುತ್ತಾರೆ. ಈ ಕೆಲಸ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಮಾಡಿಟ್ಟ ಕೆಲಸದಲ್ಲಿ ಎಷ್ಟು ಕಳೆದುಹೋದರೆ ಮತ್ತೆ ಮಾಡಿಕೊಳ್ಳಬಹುದು? ಸಂಬಳದ ಲೆಕ್ಕ ತಿಂಗಳ ಹತ್ತನೆಯ ತಾರೀಖು ನಾಲ್ಕು ದಿನ ನಿಂತರೂ ಯಾರಿಗೂ ತಿಳಿಯದು. ಮೂವತ್ತನೆಯ ತಾರೀಖು ನಾಲ್ಕು ಗಂಟೆ ನಿಂತರೆ ಸಾಕು, ಯಾರದೋ ಮನೆಯ ಒಲೆ ತಣ್ಣಗಾಗುತ್ತದೆ. ಎರಡನೆಯ ಪ್ರಶ್ನೆಯೂ ಹಾಗೆಯೇ. ರಾತ್ರಿಯೊಮ್ಮೆ ಮಾತ್ರ ಪ್ರತಿ ತೆಗೆದಿಡುವ ಕಚೇರಿಯಲ್ಲಿ ಸಂಜೆ ಐದಕ್ಕೆ ಯಂತ್ರ ಕೆಟ್ಟರೆ ಹಗಲಿನ ದುಡಿಮೆಯೆಲ್ಲ ಹೋಯಿತು. ಹೋದರೆ ಹೋಗಲಿ, ನಾಳೆ ಮತ್ತೆ ಮಾಡೋಣ ಎನ್ನಬಹುದಾದ ಕೆಲಸವೂ ಇದೆ. ಹಾಗೆನ್ನಲಾಗದ ಕೆಲಸವೂ ಇದೆ. ಎಲ್ಲವನ್ನೂ ಸಮನಾಗಿ ಕಾಪಾಡುತ್ತೇವೆ ಎಂದು ಹೊರಟವರು ಕಡೆಗೆ ಯಾವುದನ್ನೂ ಕಾಪಾಡಿದ್ದನ್ನು ನಾನು ಕಾಣೆ.

ಈ ಪ್ರಶ್ನೆಗಳು ಕಚೇರಿಗೂ ಒಂದೇ, ಮನೆಗೂ ಒಂದೇ. ಆದರೆ ಮನೆಯಲ್ಲಿ ಅವುಗಳ ಉತ್ತರ ಸಣ್ಣಪುಟ್ಟ ಸಂಗತಿಗಳ ಮೇಲೆ ನಿಂತಿರುತ್ತದೆ. ಕಚೇರಿಯಲ್ಲಿ ಕರೆಂಟು ಹೋದರೆ ಜನರೇಟರು ತಾನಾಗಿ ಹೊರಡುತ್ತದೆ. ನಮ್ಮ ಮನೆಯಲ್ಲಿ ಇನ್ವರ್ಟರು ಇತ್ತು. ಮೊದಲ ಸಲ ಕರೆಂಟು ಹೋದಾಗ ದೀಪ ಉರಿಯಿತು, ಫ್ಯಾನು ತಿರುಗಿತು, ಕಂಪ್ಯೂಟರೂ ನಡೆಯಿತು. ಇಂಟರ್ನೆಟ್ ಮಾತ್ರ ಸತ್ತಿತು. ಇಂಟರ್ನೆಟ್ಟಿನ ಪೆಟ್ಟಿಗೆ, ಮೋಡೆಮ್ ಎನ್ನುತ್ತಾರಲ್ಲ, ಅದನ್ನು ಸಿಕ್ಕಿಸಿದ್ದ ಪ್ಲಗ್ಗು ಇನ್ವರ್ಟರಿನ ತಂತಿಗೆ ಸೇರಿರಲಿಲ್ಲ. ಎಲೆಕ್ಟ್ರಿಷಿಯನ್ ಬರುವ ಹಾಗಿರಲಿಲ್ಲ. ಹಜಾರದಿಂದ ಒಂದು ಉದ್ದನೆಯ ವಯರು ಎಳೆದು ಸರಿಮಾಡಿದೆವು. ಎರಡು ವರ್ಷ ಅದನ್ನು ದಾಟಿಕೊಂಡೇ ಓಡಾಡಿದೆವು. ಆಮೇಲೆ ಇನ್ನೊಂದು ದಿನ ನಮ್ಮ ಮನೆಯಲ್ಲಿ ಎಲ್ಲ ಸರಿಯಾಗಿದ್ದೂ ಇಂಟರ್ನೆಟ್ ಇಲ್ಲ. ವಿಚಾರಿಸಿದರೆ, ಬೀದಿಯ ಕೇಬಲ್ಲಿನವರ ಪೆಟ್ಟಿಗೆ ಮೂಲೆಯ ಅಂಗಡಿಯೊಂದರ ಕರೆಂಟಿನಿಂದ ನಡೆಯುತ್ತಿತ್ತಂತೆ. ಅಂಗಡಿ ಮುಚ್ಚುವಾಗ ಅದರ ಮಾಲೀಕರು ಮೇನ್ ಸ್ವಿಚ್ ಇಳಿಸಿ ಹೋಗಿದ್ದರು! ಹನ್ನೊಂದು ಸಾವಿರ ಜನರ ಸಂಬಳ ಸರಸ್ವತಿಪುರದ ಒಂದು ಅಂಗಡಿಯ ಸ್ವಿಚ್ಚಿನ ಮೇಲೆ ನಿಂತಿದೆ ಎಂದು ಯಾವ ಕಡತದಲ್ಲಿ ಬರೆದಿರುತ್ತದೆ? ಅಂದಿನಿಂದ ಮೊಬೈಲಿನ ಮೂಲಕ ಎರಡನೆಯ ದಾರಿಯೊಂದನ್ನು ಇಟ್ಟುಕೊಂಡೆವು. ಅದೂ ಬೇರೆ ಕಂಪನಿಯದಾಗಿರಬೇಕು. ಒಂದೇ ಕಂಪನಿಯ ಎರಡು ಸಂಪರ್ಕಗಳು ಬೀಳುವಾಗಲೂ ಜೊತೆಯಲ್ಲೇ ಬಿದ್ದಾವು.

ಮನೆಯ ಕಂಪ್ಯೂಟರಿನಿಂದ ಕಚೇರಿಯ ಕಂಪ್ಯೂಟರಿನವರೆಗೆ ಹೊರಗಿನವರಿಗೆ ಕಾಣದಂತೆ ತೋಡಿದ ಒಂದು ಸುರಂಗವಿದೆ ಎಂದು ಭಾವಿಸಿ. ವಿಪಿಎನ್ ಎಂಬುದು ಅದರ ಹೆಸರು. ಸೊಸೆಯ ಕಂಪನಿಯವರು ಅದನ್ನು ಹತ್ತರಲ್ಲಿ ಒಬ್ಬರು ಮಾತ್ರ ಮನೆಯಿಂದ ಕೆಲಸ ಮಾಡುವರೆಂಬ ಅಂದಾಜಿನಲ್ಲಿ ತೋಡಿದ್ದರು. ಎಲ್ಲರೂ ಒಮ್ಮೆಗೇ ನುಗ್ಗಿದಾಗ ಯಾರೂ ಒಳಗೆ ಹೋಗಲಾರದಾದರು. ಕಡೆಗೆ ಸರದಿ ಹಾಕಿದರು. ಸಂಬಳದವರ ಸರದಿ ರಾತ್ರಿ ಹತ್ತರಿಂದ. ಹಗಲೆಲ್ಲ ಮಗುವಿನ ಹಿಂದೆ ಓಡಾಡಿದ ಹೆಣ್ಣು ರಾತ್ರಿ ಹತ್ತಕ್ಕೆ ಲೆಕ್ಕಕ್ಕೆ ಕೂರಬೇಕು. ಮುನ್ನೇರ್ಪಾಡಿನ ಪುಸ್ತಕಗಳು ನೌಕರನನ್ನು 'ಸಂಪನ್ಮೂಲ' ಎಂದು ಕರೆಯುತ್ತವೆ. ಸಂಪನ್ಮೂಲಕ್ಕೆ ಮಗುವಿಲ್ಲ, ಅತ್ತೆಯ ಮಂಡಿನೋವಿಲ್ಲ, ಒಲೆಯ ಮೇಲೆ ಉಕ್ಕುವ ಹಾಲಿಲ್ಲ.

ಗುಟ್ಟಿನ ವಿಷಯವನ್ನೂ ಹೇಳಬೇಕು. ಒಂದು ದಿನ ನಾನು ಕಾಫಿಯ ಲೋಟ ಇಡಲು ಹೋದವನು ಅಭ್ಯಾಸಬಲದಿಂದ ಪರದೆಯ ಮೇಲೆ ಕಣ್ಣಾಡಿಸಿದೆ. ಅಕ್ಷರ ಕಂಡಲ್ಲಿ ಓದುವುದು ಮೇಷ್ಟ್ರುಗಳ ಚಟ. "ಮಾವ, ನೀವು ಆ ಕಡೆ ಕೂತ್ಕೊಳ್ಳಿ" ಎಂದಳು, ನಗುತ್ತಲೇ. ನನಗೆ ಒಂದು ಕ್ಷಣ ಮುಖಭಂಗವಾಯಿತು. ಆದರೆ ಯಾರಿಗೆಷ್ಟು ಸಂಬಳ, ಯಾರ ಸಾಲದ ಕಂತು ಎಷ್ಟು ಎಂಬುದೆಲ್ಲ ನಾನು ನೋಡತಕ್ಕದ್ದಲ್ಲ. ಮರುದಿನ ಮೇಜನ್ನು ತಿರುಗಿಸಿ, ಪರದೆಯ ಬೆನ್ನು ಹಜಾರಕ್ಕೆ ಬರುವಂತೆ ಇಟ್ಟೆವು.

ಹಾಗಾದರೆ ಎಲ್ಲರನ್ನೂ ಮನೆಯಲ್ಲೇ ಕೂರಿಸಿದರೆ ಕಚೇರಿಯ ಅಪಾಯಗಳಿಂದ ಪಾರಾದಂತೆಯೇ? ಹಾಗೆಂದುಕೊಂಡವರಿಗೆ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಳೆ ಉತ್ತರ ಕೊಟ್ಟಿತು. 2015ರ ಡಿಸೆಂಬರಿನ ಚೆನ್ನೈ ಪ್ರವಾಹವನ್ನು ಮೊದಲು ನೆನೆಯೋಣ. ಆಗ ನಗರದ ಹೊರಗೆ ಮರೈಮಲೈ ನಗರದಲ್ಲಿದ್ದ ಮುದ್ರಣಾಲಯಕ್ಕೆ ಕೆಲಸಗಾರರು ತಲುಪಲಾರದೆ, 'ದಿ ಹಿಂದೂ' ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಅಚ್ಚಾಗಲಿಲ್ಲ. 1878ರಲ್ಲಿ ಹುಟ್ಟಿದ ಪತ್ರಿಕೆಗೆ ಅಂಥ ದಿನ ಬಂದದ್ದು ಅದೇ ಮೊದಲು. ಅಲ್ಲಿ ಕೆಲಸವಿದ್ದ ಕಡೆಗೆ ಜನ ಹೋಗಲಾರದಾದರು. ಬೆಂಗಳೂರಿನಲ್ಲಿ ಏಳು ವರ್ಷದ ಮೇಲೆ ಆದದ್ದೇ ಬೇರೆ. ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಪ್ರದೇಶ ಮುಳುಗಿತು. ಕೆಲವರು ಟ್ರಾಕ್ಟರ್ ಹತ್ತಿ ಕಚೇರಿಗೆ ಹೋದರು. ಉಳಿದವರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು. ಆದರೆ ಕಚೇರಿಗೆ ಹತ್ತಿರವಿರಲೆಂದು ಜನ ಮನೆ ಮಾಡಿಕೊಂಡಿದ್ದದ್ದೂ ಅಲ್ಲಿಯೇ. ಅನೇಕ ಬಡಾವಣೆಗಳಲ್ಲಿ ಮನೆಯೊಳಗೇ ನೀರು, ಕರೆಂಟಿಲ್ಲ, ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಅದೇ ಹೊತ್ತಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿರುವ, ಬೆಂಗಳೂರಿಗೆ ಕಾವೇರಿ ನೀರನ್ನು ಒತ್ತುವ ಪಂಪ್‌ಹೌಸ್ ಪ್ರವಾಹಕ್ಕೆ ಸಿಕ್ಕಿತು. ಮಳೆಯಲ್ಲಿ ಮುಳುಗದ ಬಡಾವಣೆಗಳ ನಲ್ಲಿಗಳೂ ಒಣಗಿದವು. ಸುತ್ತ ನೀರು, ಕುಡಿಯಲು ನೀರಿಲ್ಲ!

ಆದುದರಿಂದ ಯಾವ ಕೆಲಸಕ್ಕೆ ಯಾರು ಎಂದು ಬರೆದಿಟ್ಟರೆ ಸಾಲದು, ಯಾರು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನೂ ಬರೆದಿಡಬೇಕು. ಸಂಬಳದ ಪಟ್ಟಿ ಮಾಡುವವರೂ ಸಹಿ ಹಾಕುವವರೂ ಅವರಿಬ್ಬರ ಬದಲಿಗಳೂ ಒಂದೇ ಕೆರೆಯ ದಂಡೆಯಲ್ಲಿ ಇದ್ದರೆ ನಾಲ್ವರಿದ್ದೂ ಒಬ್ಬರಿದ್ದಂತೆ. ಒಬ್ಬರು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವುದು ಆಗ ಕಂಪನಿಯ ಪುಣ್ಯ.

ಯಂತ್ರಗಳ ವಿಷಯದಲ್ಲೂ ಇದೇ ಮಾತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಜಗತ್ತಿನಾದ್ಯಂತ ಕಳಿಸಿದ ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕೆಟ್ಟ ಯಂತ್ರಗಳು ಅನೇಕ ಕಡೆ ದೂರದಿಂದ ರಿಪೇರಿಗೆ ಒಗ್ಗಲಿಲ್ಲ. ಒಬ್ಬರು ಅದರ ಮುಂದೆ ಕುಳಿತು, ಅದನ್ನು ವಿಶೇಷ ಸ್ಥಿತಿಯಲ್ಲಿ ಎಬ್ಬಿಸಿ, ಕೆಟ್ಟ ಕಡತವನ್ನು ಅಳಿಸಬೇಕಾಗಿತ್ತು. ಕಚೇರಿಯಲ್ಲಾದರೆ ತಜ್ಞರು ಮೇಜಿಂದ ಮೇಜಿಗೆ ನಡೆದಾರು. ಮನೆಗಳಲ್ಲಿ ಚದುರಿ ಕುಳಿತವರಿಗೆ ಫೋನಿನಲ್ಲೇ ಹೇಳಿಕೊಡಬೇಕು. ಬೀಗ ಹಾಕಿದ ಡಿಸ್ಕ್ ಇರುವ ಯಂತ್ರ 48 ಅಂಕೆಗಳ ಒಂದು ಸಂಖ್ಯೆಯನ್ನು ಕೇಳುತ್ತದೆ; ಆ ಸಂಖ್ಯೆಗಳ ಪಟ್ಟಿ ಇರುವ ಯಂತ್ರವೂ ಕೆಟ್ಟಿದ್ದರೆ? ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದ ಕಥೆಯಾಯಿತು. ಇಂಥ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಭದ್ರವಾದ ಕಡೆ ಇಡಬೇಕೆಂದು ಬಲ್ಲವರು ಹೇಳುತ್ತಾರೆ. ಕಾಗದದ ಮಾತು ಕೇಳಿ ನನಗೆ ಸಂತೋಷವೇ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ, ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತಿಗೆ ಬರುತ್ತೇನೆ. ಕರೆಂಟಿಗೆ ಬದಲಿ ಉಂಟು, ತಂತಿಗೆ ಬದಲಿ ಉಂಟು. ಒಬ್ಬರ ತಲೆಯೊಳಗೆ ಮಾತ್ರ ಇರುವ ತಿಳಿವಿಗೆ ಬದಲಿಯಿಲ್ಲ. ಕಚೇರಿಯಲ್ಲಿ ಪಕ್ಕಪಕ್ಕ ಕುಳಿತವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಬೇಡವೆಂದರೂ ಕಲಿಯುತ್ತಾರೆ. ಕಿವಿಗೆ ಬಿದ್ದ ಮಾತಿನಿಂದ, ಕಾಫಿಯ ಹೊತ್ತಿನ ಗೊಣಗಾಟದಿಂದ. ಮನೆಗಳಿಗೆ ಚದುರಿದ ಮೇಲೆ ಈ ಕಲಿಕೆ ನಿಂತುಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಏಕೈಕ ಪಂಡಿತರಾಗುತ್ತಾರೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ರೋಗದ ಎರಡನೆಯ ಅಲೆ ಎದ್ದಾಗ ಸೊಸೆಯ ಗುಂಪಿನ ಎಂಟು ಜನರಲ್ಲಿ ಐವರು ಒಂದೇ ವಾರದಲ್ಲಿ ಹಾಸಿಗೆ ಹಿಡಿದರು. ಬದಲಿಯೂ ಮಲಗಿದ, ಬದಲಿಯ ಬದಲಿಯೂ ಮಲಗಿದ.

ಇಲ್ಲಿ ನನ್ನ ಕಸುಬಿನ ಒಂದು ಮಾತಿಗೆ ಅವಕಾಶ ಕೊಡಿ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಎಂಬ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳೆಂಬುದನ್ನು ನೀವು ಬಲ್ಲಿರಿ. ಓಲೆಗರಿಯ ಮೇಲೆ, ಕಂಠದಿಂದ ಕೊರೆದು, ಸಾವಿರ ಪ್ರತಿ! ನಾವು ಇದನ್ನು ಪುಣ್ಯಕಾರ್ಯವೆಂದು ಪಾಠ ಹೇಳುತ್ತೇವೆ, ಅದು ಸರಿಯೇ. ಆದರೆ ಅದು ಮುನ್ನೇರ್ಪಾಡೂ ಹೌದು. ಗೆದ್ದಲು, ಬೆಂಕಿ, ಮಳೆ, ದಂಡಯಾತ್ರೆ ಎಲ್ಲ ಕಡೆಯೂ ಒಟ್ಟಿಗೇ ಬರಲಾರವು. ಸಾವಿರ ಮನೆಗಳಲ್ಲಿ ಒಂದೊಂದು ಪ್ರತಿ ಇದ್ದರೆ ಎಲ್ಲೋ ಒಂದು ಉಳಿದೀತು. ಶಾಂತಿಪುರಾಣ ನಮಗೆ ದೊರೆತಿದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ದೊರೆತಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಬರೆದ ರನ್ನನ ಪರಶುರಾಮಚರಿತವೂ ದೊರೆತಿಲ್ಲ. ಪ್ರತಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಕಳೆದುಹೋದ ಕಾವ್ಯದ ಹೆಸರನ್ನು ಮೂವತ್ತೈದು ವರ್ಷ ತರಗತಿಯಲ್ಲಿ ಹೇಳಿದವನಿಗೆ, ಒಂದೇ ಪ್ರತಿ ಎಂದರೆ ಎದೆ ಝಲ್ಲೆನ್ನುತ್ತದೆ.

ಎರಡನೆಯ ಅಲೆ ಇಳಿದ ಮೇಲೆ ಸೊಸೆ ತನ್ನ ಕೆಲಸವನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಬರೆದಿಡತೊಡಗಿದಳು. "ಮಾವ, ಇದನ್ನು ಓದಿ. ಏನೂ ತಿಳಿಯದವರಿಗೆ ತಿಳಿಯುತ್ತಾ ನೋಡಿ" ಎಂದು ನನ್ನ ಕೈಗೆ ಕೊಟ್ಟಳು. ಏನೂ ತಿಳಿಯದವನೆಂದು ನನ್ನನ್ನು ಆರಿಸಿದ್ದು ಸರಿಯಾದ ಆಯ್ಕೆಯೇ. ಬರಹ ಇಂಗ್ಲಿಷಿನಲ್ಲಿತ್ತು, ತಿದ್ದುವ ಚಟಕ್ಕೆ ಭಾಷಾಭೇದವಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ 'ಪಟ್ಟಿಯನ್ನು ಎಂದಿನಂತೆ ಪರಿಶೀಲಿಸುವುದು' ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಎಂದಿನಂತೆ ಎಂದರೆ ಹೇಗಮ್ಮ?" ಎಂದು ಕೇಳಿದೆ. ಅವಳು ಹೇಳತೊಡಗಿದಳು. ಹೋದ ತಿಂಗಳ ಮೊತ್ತಕ್ಕೆ ಹೋಲಿಸಬೇಕು. ಹೊಸದಾಗಿ ಸೇರಿದವರ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಎರಡು ಸಲ ನೋಡಬೇಕು. ಒಂದು ಗೋದಾಮಿನವರು ಓವರ್‌ಟೈಮ್ ಲೆಕ್ಕವನ್ನು ಯಾವಾಗಲೂ ಒಂದು ದಿನ ತಡವಾಗಿ ಕಳಿಸುತ್ತಾರೆ, ಅವರಿಗೆ ಫೋನು ಮಾಡಬೇಕು. ಹೇಳುತ್ತ ಹೇಳುತ್ತ ಹನ್ನೊಂದು ಸಂಗತಿಗಳಾದವು. 'ಎಂದಿನಂತೆ' ಎಂಬ ಒಂದು ಪದದೊಳಗೆ ಹನ್ನೊಂದು ಸಂಗತಿಗಳು ಅಡಗಿ ಕುಳಿತಿದ್ದವು. ಬಲ್ಲವರು ಬರೆಯುವಾಗ ಬಿಟ್ಟುಹೋಗುವುದು ಕಷ್ಟದ ಭಾಗವಲ್ಲ. ಬರೆಯುವುದೇ ಬೇಡವೆನ್ನುವಷ್ಟು ತಮಗೆ ಸುಲಭವಾಗಿ ಹೋದ ಭಾಗ. ಹಳಗನ್ನಡ ಕಾವ್ಯಗಳ ಟೀಕೆಗಳಲ್ಲೂ ನಮಗೆ ಬೇಕಾದ ಕಡೆ 'ಸ್ಪಷ್ಟಂ' ಎಂದು ಬರೆದು ಮುಂದೆ ಹೋದದ್ದನ್ನು ಕಂಡು ಎಷ್ಟು ಸಲ ತಲೆ ಚಚ್ಚಿಕೊಂಡಿಲ್ಲ!

ಬರೆದಿಟ್ಟರೂ ಆಗಲಿಲ್ಲ. ಬರೆದದ್ದು ನಡೆಯುತ್ತದೆಯೇ ಎಂದು ನೋಡಬೇಕು. ಕಂಪನಿ ನಾಟಕದವರು ಪರದೆ ಏಳುವ ಮೊದಲು ತಾಲೀಮು ಮಾಡುತ್ತಿದ್ದರು. ಮುನ್ನೇರ್ಪಾಡಿಗೂ ತಾಲೀಮು ಬೇಕು. ಸೊಸೆಯ ಕಂಪನಿಯಲ್ಲಿ ಈಗ ಮೂರು ತಿಂಗಳಿಗೊಮ್ಮೆ ಒಂದು ದಿನ, ಮುಖ್ಯ ಕೆಲಸಗಾರರೊಬ್ಬರನ್ನು ಸುಮ್ಮನೆ ಮನೆಯಲ್ಲಿ ಕೂರಿಸುತ್ತಾರೆ. ಅವರು ಆ ದಿನ ಕಂಪ್ಯೂಟರು ಮುಟ್ಟಕೂಡದು, ಫೋನು ಎತ್ತಕೂಡದು. ಬದಲಿಯವರು ಬರೆದಿಟ್ಟ ಹೆಜ್ಜೆಗಳನ್ನು ನೋಡಿಕೊಂಡು ತಾವೇ ಕೆಲಸ ಮಾಡಬೇಕು. ಬದಲಿಯವರ ಹೆಸರು, ಫೋನು, ಊರು ಸರಿಯಾಗಿದೆಯೇ ಎಂಬುದೂ ಆ ದಿನವೇ ತಿಳಿದುಹೋಗುತ್ತದೆ.

ಈಚೆಗೆ ಅವಳ ಸರದಿ ಬಂದಿತ್ತು. ರಜೆಯ ಹಾಗೆಂದು ಮೈಸೂರಿಗೆ ಬಂದಿದ್ದಳು. ಬೆಳಗ್ಗೆ ಅತ್ತೆಯ ಜೊತೆ ಕುಳಿತು ಅವರೆಕಾಳು ಸುಲಿಯುತ್ತಿದ್ದಳು. ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಅವಳ ಕೈ ಅತ್ತ ಹೋಯಿತು, ಹಿಂದೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಡಿದುಕೊಂಡಿತು. "ಎತ್ತೇ, ಏನೋ ಅರ್ಜೆಂಟು ಇರಬಹುದು" ಎಂದಳು ನನ್ನ ಹೆಂಡತಿ. ಅವಳು ಎತ್ತಲಿಲ್ಲ, ಕಾಳು ಸುಲಿಯುವ ಕೈ ಮಾತ್ರ ಬಿರುಸಾಯಿತು. ಸಂಜೆ ಐದೂಕಾಲಕ್ಕೆ ಬೆಂಗಳೂರಿನಿಂದ ಒಂದು ಸಂದೇಶ ಬಂತು. ಕನ್ನಡಕ ಹಾಕಿಕೊಂಡು ನಾನೂ ಓದಿದೆ. ಈ ಸಲ ಅವಳು ಆಕ್ಷೇಪಿಸಲಿಲ್ಲ. ಪಟ್ಟಿ ಬ್ಯಾಂಕಿಗೆ ಹೋಗಿದೆಯೆಂದೂ, ಎಂಟನೆಯ ಹೆಜ್ಜೆಯಲ್ಲಿ ಒಂದು ಸಾಲು ಬಿಟ್ಟುಹೋಗಿರುವುದರಿಂದ ನಲವತ್ತು ನಿಮಿಷ ಒದ್ದಾಡಿದೆವೆಂದೂ, ದಯವಿಟ್ಟು ಅದನ್ನು ಸೇರಿಸಬೇಕೆಂದೂ ಬರೆದಿದ್ದರು. ಅವಳು ಕೈ ಒರೆಸಿಕೊಂಡು ನನ್ನ ಕೆಂಪು ಶಾಯಿಯ ಪೆನ್ನು ಎಲ್ಲಿದೆ ಎಂದು ಕೇಳಿದಳು.